ಒಂದೇ ತಾಯಿಯ ಮಕ್ಕಳು, ಎರಡು ಬಗೆಯ ಕಡಿತ

ಮುಂಬಯಿಯ ಕಾಂದಿವಲಿ ಪಶ್ಚಿಮದಲ್ಲಿ, ಮಹಾವೀರನಗರದ ಕಡೆಗೆ ಹೋಗುವ ಹಾದಿಯ ಒಂದು ಹಳೆಯ ಸೊಸೈಟಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳಿ, ಉಡುಪಿಯ ಸೀಮೆಯಿಂದ ತಾವು ತಂದ ಹಬ್ಬಹರಿದಿನಗಳನ್ನೂ ಮನೆಮಾತನ್ನೂ ಮಕ್ಕಳಿಗೆ ಕೊರತೆಯಿಲ್ಲದೆ ದಾಟಿಸಿದ ತಾಯಿಯೊಬ್ಬರು ಕಾಲವಾದಾಗ, ತಮ್ಮ ಹೆಸರಿನಲ್ಲಿದ್ದ ಫ್ಲ್ಯಾಟನ್ನು ಮಗನಿಗೂ ಮಗಳಿಗೂ ಸಮಭಾಗವಾಗಿ ಬರೆದಿಟ್ಟಿದ್ದರು. ಮಗ ಎರಡು ಸ್ಟೇಷನ್ನುಗಳಾಚೆ ದಹಿಸರ್‌ನಲ್ಲಿದ್ದಾನೆ. ಓದಲೆಂದು ಜರ್ಮನಿಗೆ ಹೋದ ಮಗಳು ಅಲ್ಲಿಯವನನ್ನೇ ವರಿಸಿ ಮ್ಯೂನಿಕ್‌ನಲ್ಲಿ ಸಂಸಾರ ಹೂಡಿದ್ದಾಳೆ. ಮನೆಯನ್ನು ಮಾರುವ ನಿಶ್ಚಯವಾಗಿ, ಕೊಳ್ಳುವವರು ಸಿಕ್ಕಿ, ಕರಾರುಪತ್ರದ ಕರಡು ಸಿದ್ಧವಾದ ದಿನ ಕೊಳ್ಳುವವರ ವಕೀಲರು ಹೇಳಿದ ಮಾತು ಇದು: ಅಣ್ಣನ ಪಾಲಿನಿಂದ ನೂರಕ್ಕೆ ಒಂದು ರೂಪಾಯಿಯನ್ನು ತೆರಿಗೆಯೆಂದು ಹಿಡಿದು ಸರ್ಕಾರಕ್ಕೆ ಕಟ್ಟುತ್ತೇವೆ, ತಂಗಿಯ ಪಾಲಿನಿಂದ ಹನ್ನೆರಡೂವರೆ ರೂಪಾಯಿ, ಅದರ ಮೇಲೆ ಸರ್‌ಚಾರ್ಜು, ಸೆಸ್ಸು. ಆ ರಾತ್ರಿ ಆಕೆ ನನಗೆ ಫೋನು ಮಾಡಿ, "ಮಾಮಾ, ಅವರನ್ನು ಮದುವೆಯಾದದ್ದಕ್ಕೆ ಸರ್ಕಾರ ನನಗೆ ಹಾಕಿದ ದಂಡವೇ ಇದು?" ಎಂದು ಕೇಳಿದಳು.

ನಲವತ್ತು ವರ್ಷ ಫೋರ್ಟಿನ ಕಛೇರಿಗಳಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಮಕ್ಕಳು ದೇಶದೇಶಾಂತರಗಳಲ್ಲಿ ಸಂಬಂಧ ಬೆಳೆಸುವುದು ಸಾಮಾನ್ಯವಾದಂದಿನಿಂದ ಇದೇ ಪ್ರಶ್ನೆಯನ್ನು ಬೇರೆಬೇರೆ ರೂಪಗಳಲ್ಲಿ ಕೇಳಿದ್ದೇನೆ. ಅದರ ಹಿಂದಿರುವ ತಪ್ಪು ತಿಳಿವಳಿಕೆಯನ್ನು ಮೊದಲು ಬಿಡಿಸಿ, ಆಮೇಲೆ ಅದರಲ್ಲಿರುವ ನ್ಯಾಯವಾದ ನೋವನ್ನು ಎತ್ತಿ ಹೇಳುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಭಾರತದ ಆದಾಯ ತೆರಿಗೆಯ ಕಾನೂನು ಕೈಹಿಡಿದವನ ದೇಶ ಯಾವುದೆಂದು ಕೇಳುವುದಿಲ್ಲ. ಪಾಸ್‌ಪೋರ್ಟಿನ ಬಣ್ಣವನ್ನಾಗಲಿ, ಓಸಿಐ ಕಾರ್ಡನ್ನಾಗಲಿ ಸಾಮಾನ್ಯವಾಗಿ ನೋಡುವುದಿಲ್ಲ. ವರ್ಷದಲ್ಲಿ ಎಷ್ಟು ದಿನ ಈ ನೆಲದ ಮೇಲೆ ಇದ್ದೆ ಎಂಬುದನ್ನು ಮುಖ್ಯವಾಗಿ ಎಣಿಸುತ್ತದೆ. 182 ದಿನ ಅಥವಾ ಅದಕ್ಕೆ ಮೇಲ್ಪಟ್ಟು ಇಲ್ಲಿದ್ದವನು ನಿವಾಸಿ. ಬೇರೆ ನಿಬಂಧನೆಗಳೂ ಕೆಲವು ಉಂಟಾದರೂ ಸಾಮಾನ್ಯ ಸಂಸಾರಿಗೆ ತಿಳಿದಿರಬೇಕಾದ ಅಂಕಿ ಇದು. ಆ ಜರ್ಮನ್ ಅಳಿಯನು ಕಾಂದಿವಲಿಗೆ ಬಂದು ವರ್ಷವೆಲ್ಲ ಇಲ್ಲೇ ಇದ್ದು ಬ್ಯಾಂಕಿನಲ್ಲಿ ಠೇವಣಿಯಿಟ್ಟರೆ ಅವನ ಬಡ್ಡಿಯಿಂದ ಶೇಕಡ 10ರಷ್ಟು ಮೂಲದಲ್ಲೇ ಕಡಿತವಾಗುತ್ತದೆ. ಕಾಂದಿವಲಿಯಲ್ಲೇ ಹುಟ್ಟಿ ಬೆಳೆದ ಅವನ ಹೆಂಡತಿ ಮ್ಯೂನಿಕ್‌ನಲ್ಲಿದ್ದುಕೊಂಡು ಅನಿವಾಸಿಗಳಿಗೆಂದಿರುವ ಇಲ್ಲಿಯ ಎನ್‌ಆರ್‌ಒ ಖಾತೆಯಲ್ಲಿ ಹಣವಿಟ್ಟರೆ ಶೇಕಡ 30, ಸೆಸ್ಸು ಸೇರಿದರೆ 31.2. ಜರ್ಮನಿಯೊಡನೆ ನಮ್ಮ ಸರ್ಕಾರ 1995ರಲ್ಲಿ ಮಾಡಿಕೊಂಡ ಒಪ್ಪಂದದ ಬಲದಿಂದ ಈ ಬಡ್ಡಿಯ ತೆರಿಗೆಯನ್ನು ಶೇಕಡ 10ಕ್ಕೆ ಇಳಿಸಿಕೊಳ್ಳಲು ಆಕೆಗೆ ಅಧಿಕಾರ ಉಂಟು. ಆದರೆ ಅಲ್ಲಿಯ ತೆರಿಗೆಯ ಅಧಿಕಾರಿಗಳಿಂದ ನಿವಾಸದ ಪ್ರಮಾಣಪತ್ರವನ್ನು ತರಿಸಿ ಬ್ಯಾಂಕಿಗೆ ಸಲ್ಲಿಸಿದ ಹೊರತು ಆ ಅಧಿಕಾರ ಕಾಗದದ ಮೇಲೆಯೇ ಉಳಿಯುತ್ತದೆ. ಆದಕಾರಣ ಅವಳ ಪ್ರಶ್ನೆಗೆ ನನ್ನ ಮೊದಲ ಉತ್ತರ, "ಮದುವೆಗಲ್ಲ ಮಗು, ವಾಸಕ್ಕೆ" ಎಂಬುದಾಗಿತ್ತು.

ಇಷ್ಟಕ್ಕೇ ಆಕೆಗೆ ಸಮಾಧಾನವಾಗಲಿಲ್ಲ. ಸಮಾಧಾನವಾಗದಿರಲು ಕಾರಣವೂ ಇತ್ತು. ಅವಳು ಬಾಳುತ್ತಿರುವ ದೇಶದಲ್ಲಿ ತೆರಿಗೆಗೂ ಮದುವೆಗೂ ನೇರವಾದ ಸಂಬಂಧವಿದೆ. ಜರ್ಮನಿಯಲ್ಲಿ ಗಂಡಹೆಂಡಿರ ಆದಾಯವನ್ನು ಕೂಡಿಸಿ, ಎರಡಾಗಿ ಭಾಗಿಸಿ ತೆರಿಗೆ ಕಟ್ಟುವ ಪದ್ಧತಿ 1958ರಿಂದ ನಡೆದುಬಂದಿದೆ. ಸಂಬಳದಿಂದ ಹಿಡಿಯುವ ತೆರಿಗೆಗೆ ಆರು ವರ್ಗಗಳಿದ್ದು, ಹೆಚ್ಚು ದುಡಿಯುವವರು ಮೂರನೆಯ ವರ್ಗವನ್ನೂ ಕಡಿಮೆ ದುಡಿಯುವವರು ಐದನೆಯ ವರ್ಗವನ್ನೂ ಆರಿಸಿಕೊಂಡರೆ ಒಬ್ಬರ ಕೈಗೆ ಹೆಚ್ಚು ಹಣ ಬಂದು ಇನ್ನೊಬ್ಬರ ಸಂಬಳ ಕಣ್ಣೆದುರಿಗೇ ಕರಗುತ್ತದೆ. ಆ ಇನ್ನೊಬ್ಬರು ಬಹುತೇಕ ಹೆಂಡತಿಯೇ. ಮದುವೆಯಾಗಿಯೂ ವೀಸಾ ಬರಲಿಲ್ಲವೆಂದು ಹೆಂಡತಿ ಕಾಂದಿವಲಿಯಲ್ಲೇ ಉಳಿದಿದ್ದರೆ, ಆಕೆಯ ವಾಸ ಯುರೋಪಿನ ಒಕ್ಕೂಟದ ಹೊರಗೆ ಆದುದರಿಂದ, ಗಂಡನಿಗೆ ಆ ಮೂರನೆಯ ವರ್ಗ ದೊರೆಯುವುದಿಲ್ಲ. ಅವನು ಒಂಟಿಗನಂತೆ ಒಂದನೆಯ ವರ್ಗದಲ್ಲೇ ಇರಬೇಕು.

ಅಮೆರಿಕದ ರೀತಿ ಇನ್ನೂ ತೊಡಕಿನದು, ಮತ್ತು ನಮ್ಮವರ ಮಕ್ಕಳು ಹೆಚ್ಚಾಗಿ ಇರುವುದೂ ಅಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತರಿಸಿ ಹೇಳಬೇಕು. ಅಲ್ಲಿ ದಂಪತಿಗಳು ಕೂಡಿ ಒಂದೇ ರಿಟರ್ನು ಸಲ್ಲಿಸಿ ಆದಾಯವನ್ನು ಹಂಚಿಕೊಂಡಂತೆ ತೆರಿಗೆ ಕಟ್ಟುವ ಸೌಲಭ್ಯ ದೇಶಕ್ಕೆಲ್ಲ ದೊರೆತದ್ದು 1948ರಲ್ಲಿ. ಆದರೆ ಅಮೆರಿಕದ ಪ್ರಜೆಯಾದವನು ಕಾಂದಿವಲಿಯ ಹುಡುಗಿಯನ್ನು ಮದುವೆಯಾಗಿ, ಆಕೆ ಇನ್ನೂ ಇಲ್ಲಿಯೇ ಇರುವಾಗ, ಅವನು ಒಬ್ಬಂಟಿಗನೆಂದು ರಿಟರ್ನು ಸಲ್ಲಿಸುವಂತಿಲ್ಲ, ಏಕೆಂದರೆ ಮದುವೆಯಾಗಿದೆ. ಜಂಟಿಯಾಗಿಯೂ ಸಲ್ಲಿಸುವಂತಿಲ್ಲ, ಏಕೆಂದರೆ ಹೆಂಡತಿ ಅಲ್ಲಿಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿ. ಸಾಮಾನ್ಯವಾಗಿ ಅವನಿಗೆ ಉಳಿಯುವ ದಾರಿಗಳು ಎರಡು: ವಿವಾಹಿತನಾಗಿ ಪ್ರತ್ಯೇಕ ರಿಟರ್ನು ಸಲ್ಲಿಸುವುದು, ಇಲ್ಲವೆ ಇಬ್ಬರೂ ಸಹಿ ಮಾಡಿದ ಹೇಳಿಕೆಯೊಂದನ್ನು ಲಗತ್ತಿಸಿ ಹೆಂಡತಿಯನ್ನು ನಿವಾಸಿಯೆಂದೇ ಎಣಿಸಬೇಕೆಂದು ಆಯ್ಕೆ ಮಾಡಿಕೊಳ್ಳುವುದು. ಎರಡನೆಯ ದಾರಿಯಲ್ಲಿ ತೆರಿಗೆ ಇಳಿಯಬಹುದು. ಆದರೆ ಅದಕ್ಕೆ ಪ್ರತಿಯಾಗಿ ಆಕೆಯ ಇಲ್ಲಿಯ ಸಂಬಳ, ಫ್ಲ್ಯಾಟಿನ ಬಾಡಿಗೆ, ಅಂಚೆ ಕಛೇರಿಯ ಠೇವಣಿಯ ಬಡ್ಡಿ ಇವೆಲ್ಲವೂ ಅಮೆರಿಕದ ಸರ್ಕಾರದ ಲೆಕ್ಕಕ್ಕೆ ಬರುತ್ತವೆ. ಆಕೆ ಅಲ್ಲಿಗೆ ಹೋಗಿ ನೆಲಸಿದ ಮೇಲಂತೂ ಇಲ್ಲಿಯ ಎಲ್ಲ ಖಾತೆಗಳ ಮೊತ್ತ ವರ್ಷದ ಯಾವ ದಿನವಾದರೂ ಹತ್ತು ಸಾವಿರ ಡಾಲರ್ ದಾಟಿದರೆ ಅದನ್ನು ಬೇರೆಯಾಗಿ ತಿಳಿಸಬೇಕು; ತಾಯಿಯ ಸುಖದುಃಖಕ್ಕೆಂದು ಜಂಟಿ ಹೆಸರಿನಲ್ಲಿ ಇಟ್ಟ ಖಾತೆಯೂ ಅದರಲ್ಲಿ ಸೇರುತ್ತದೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಡವಟ್ಟು. ಮದುವೆಯ ಸಂಭ್ರಮದಲ್ಲಿ ಹುಡುಗ ಕಛೇರಿಗೆ ಮರಳಿದೊಡನೆ, ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಧಣಿಗೆ ತಿಳಿಸುವ ಡಬ್ಲ್ಯು-4 ಎಂಬ ನಮೂನೆಯಲ್ಲಿ, ವಿವಾಹಿತ ಮತ್ತು ಜಂಟಿ ಎಂಬ ಕಡೆ ಗುರುತು ಹಾಕಿಬಿಡುತ್ತಾನೆ. ತಿಂಗಳ ಸಂಬಳ ಹೆಚ್ಚಾಗಿ ಕೈಸೇರುತ್ತದೆ. ವರ್ಷ ಮುಗಿದು ಲೆಕ್ಕಕ್ಕೆ ಕುಳಿತಾಗ, ಹೆಂಡತಿಯ ಆದಾಯವನ್ನೆಲ್ಲ ಒಪ್ಪಿಸಲು ಮನಸ್ಸಿಲ್ಲದೆ ಪ್ರತ್ಯೇಕ ರಿಟರ್ನು ಸಲ್ಲಿಸಿದರೆ, ಕಡಿಮೆ ಹಿಡಿದ ತೆರಿಗೆಯೆಲ್ಲ ಒಮ್ಮೆಗೇ ಬಾಕಿಯಾಗಿ ಎದುರು ನಿಲ್ಲುತ್ತದೆ, ಕೆಲವೊಮ್ಮೆ ದಂಡದೊಡನೆ. ಜಾತಕ ನೋಡುವಷ್ಟೇ ಶ್ರದ್ಧೆಯಿಂದ ಈ ಒಂದು ಗುರುತನ್ನೂ ವಿಚಾರಿಸಿ ಹಾಕಿರೆಂದು ಅಂಥ ವರಗಳಿಗೆ ನಾನು ಹೇಳುತ್ತ ಬಂದಿದ್ದೇನೆ.

ಈ ಎರಡು ದೇಶಗಳ ರೀತಿಯನ್ನು ನೋಡಿ ಬಂದವನಿಗೆ ನಮ್ಮ ಕಾನೂನಿನ ಒಂದು ಗುಣ ಎದ್ದು ಕಾಣುತ್ತದೆ. ಇಲ್ಲಿ ದಂಪತಿಗಳ ಜಂಟಿ ರಿಟರ್ನು ಎಂಬುದೇ ಇಲ್ಲ. ಗಂಡನಿಗೆ ಅವನ ಪ್ಯಾನು, ಹೆಂಡತಿಗೆ ಅವಳ ಪ್ಯಾನು, ಅವರವರ ಆದಾಯ ಅವರವರ ರಿಟರ್ನಿನಲ್ಲಿ. ಇದಕ್ಕೆ ಅಪವಾದ ನಮ್ಮ ನೆರೆಯ ಗೋವೆಯಲ್ಲಿ ಉಂಟು. ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಗೆ ಒಳಪಟ್ಟ ದಂಪತಿಗಳ ಆದಾಯವನ್ನು, ಸಂಬಳದ ಹೊರತು, ಸಮವಾಗಿ ಹಂಚಿ ಇಬ್ಬರಿಗೂ ತೆರಿಗೆ ಹಾಕುತ್ತಾರೆ. ಉಳಿದೆಡೆ ಗಂಡ ಹೆಂಡತಿಗೆ ಪುಕ್ಕಟೆಯಾಗಿ ಕೊಟ್ಟ ಆಸ್ತಿಯಿಂದ ಬರುವ ಆದಾಯವನ್ನು ಮಾತ್ರ ಕೊಟ್ಟವನ ಲೆಕ್ಕಕ್ಕೇ ಸೇರಿಸುವ ನಿಯಮವಿದೆ. ಆ ನಿಯಮ ಹಿಡಿಯುವುದು ಕೊಡುವ ಹೊತ್ತಿಗೆ ಅವರು ದಂಪತಿಗಳಾಗಿದ್ದರೆ ಮಾತ್ರ. ಕಲ್ಕತ್ತೆಯ ಆಂಗ್ಲನೊಬ್ಬ ಮದುವೆಗೆ ಮೊದಲು ತನ್ನ ಭಾವೀ ಪತ್ನಿಗೆ ವರ್ಗಾಯಿಸಿದ ಷೇರುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1963ರಲ್ಲಿ ಹಾಗೆ ತೀರ್ಮಾನಿಸಿತು. ಜಂಟಿ ರಿಟರ್ನನ್ನು ಇಲ್ಲಿಯೂ ತರಬೇಕೆಂಬ ಸಲಹೆಗಳು ಈಚೆಗೆ ಕೇಳಿಬರುತ್ತಿವೆ. ನಾನು ಅದನ್ನು ಒಪ್ಪಲಾರೆ. ಹೊರನಾಡಿನಿಂದ ಬಂದ ಸೊಸೆಗೆ, ಹೊರನಾಡಿಗೆ ಹೋದ ಮಗಳಿಗೆ, ತನ್ನ ಹೆಸರಿನ ಒಂದು ರಿಟರ್ನು, ತನ್ನ ಹೆಸರಿನ ಒಂದು ಮರುಪಾವತಿ ಇರುವುದು ಸಣ್ಣ ಆಸರೆಯಲ್ಲ.

ಇಲ್ಲಿಗೆ ಬಂದು ನೆಲಸಿದ ವಿದೇಶೀ ಸೊಸೆಗೂ ಅಳಿಯನಿಗೂ ಕಾನೂನು ಸ್ವಲ್ಪ ಕರುಣೆಯನ್ನೂ ತೋರಿದೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು ಮೊದಮೊದಲು 'ಸಾಮಾನ್ಯ ನಿವಾಸಿಯಲ್ಲದವರು' ಎಂಬ ಎಣಿಕೆಯಲ್ಲಿದ್ದು, ಹೊರದೇಶದಲ್ಲಿ ಹುಟ್ಟುವ ಅವರ ಬಡ್ಡಿ ಬಾಡಿಗೆಗಳು ಇಲ್ಲಿಯ ತೆರಿಗೆಗೆ ಒಳಪಡವು. ಆದರೆ ಅವರ ಹೊರದೇಶದ ಖಾತೆಯಲ್ಲಿ ಇಲ್ಲಿಯ ಸಂಗಾತಿಯ ಹೆಸರನ್ನು ಪ್ರೀತಿಯಿಂದ ಸೇರಿಸಿದ ಕ್ಷಣದಿಂದ, ಆ ಸಂಗಾತಿ ಪೂರ್ಣ ನಿವಾಸಿಯಾದುದರಿಂದ, ತನ್ನ ರಿಟರ್ನಿನಲ್ಲಿ ಅದನ್ನು ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣದ ಕಾಯಿದೆಯ ಮೇರೆಗೆ ಹತ್ತು ಲಕ್ಷ ರೂಪಾಯಿ ದಂಡ ಬೀಳಬಹುದು.

ಈಗ ಆ ಅಣ್ಣತಂಗಿಯರ ಮನೆಗೆ ಬರೋಣ. ಲೆಕ್ಕ ಸುಲಭವಾಗಲೆಂದು ಫ್ಲ್ಯಾಟು 2025-26ರಲ್ಲಿ 1 ಕೋಟಿ 20 ಲಕ್ಷಕ್ಕೆ ಮಾರಾಟವಾಯಿತೆಂದೂ, 2001ರ ಏಪ್ರಿಲ್ 1ರಂದು ಅದರ ಬೆಲೆ 20 ಲಕ್ಷವೆಂದೂ ಇಟ್ಟುಕೊಳ್ಳೋಣ. ಹಳೆಯ ಸ್ವತ್ತಿಗೆ ಆ ದಿನದ ಬೆಲೆಯನ್ನು ಕೊಂಡ ಬೆಲೆಯೆಂದು ತೆಗೆದುಕೊಳ್ಳಲು ಕಾನೂನು ಒಪ್ಪುತ್ತದೆ. ಒಬ್ಬೊಬ್ಬರಿಗೆ ಬಂದದ್ದು 60 ಲಕ್ಷ, ಒಬ್ಬೊಬ್ಬರ ಅಸಲು 10 ಲಕ್ಷ. 2024ರ ಜುಲೈ 23ರ ಬಜೆಟ್ಟು ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸುವ ಪದ್ಧತಿಯನ್ನು ತೆಗೆದುಹಾಕಿ ತೆರಿಗೆಯನ್ನು ಶೇಕಡ 12.5ಕ್ಕೆ ಇಳಿಸಿತು, ಜನ ದೂರಿದ ಮೇಲೆ, ಅದೇ ಆಗಸ್ಟಿನಲ್ಲಿ, ಆ ದಿನಕ್ಕೆ ಮೊದಲು ಕೊಂಡ ಮನೆ ಮತ್ತು ಭೂಮಿಯ ಮಟ್ಟಿಗೆ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡರಲ್ಲಿ ಕಡಿಮೆಯಾದುದನ್ನು ಕಟ್ಟುವ ಅವಕಾಶ ಕೊಟ್ಟಿತು. ಕೊಟ್ಟದ್ದು ನಿವಾಸಿಗಳಿಗೂ ಅವಿಭಕ್ತ ಕುಟುಂಬಗಳಿಗೂ ಮಾತ್ರ. 2025-26ರ ಹಣದುಬ್ಬರದ ಸೂಚ್ಯಂಕ 376 ಆದುದರಿಂದ ಅಣ್ಣನ ಅಸಲು 37 ಲಕ್ಷ 60 ಸಾವಿರಕ್ಕೆ ಏರುತ್ತದೆ. ಲಾಭ 22 ಲಕ್ಷ 40 ಸಾವಿರ. ಹಳೆಯ ಲೆಕ್ಕದ ಶೇಕಡ 20ರಂತೆ ತೆರಿಗೆ 4 ಲಕ್ಷ 48 ಸಾವಿರ. ತಂಗಿಯ ಲಾಭ 50 ಲಕ್ಷ, ಶೇಕಡ 12.5ರಂತೆ ತೆರಿಗೆ 6 ಲಕ್ಷ 25 ಸಾವಿರ. ಸರ್‌ಚಾರ್ಜು ಸೆಸ್ಸುಗಳನ್ನು ನಾನು ಎಣಿಸಿಲ್ಲ. ಒಂದೇ ಅಡುಗೆಮನೆ, ಒಂದೇ ಬಾಲ್ಕನಿ, ಒಂದೇ ತಾಯಿ ಬಿಟ್ಟುಹೋದ ಸ್ವತ್ತು. ತಂಗಿಗೆ 1 ಲಕ್ಷ 77 ಸಾವಿರ ಹೆಚ್ಚು.

ಇದು ಕಡೆಯ ತೆರಿಗೆಯ ಮಾತು. ಮೂಲದಲ್ಲಿ ಹಿಡಿಯುವ ಹಣದ ಭೇದ ಇದಕ್ಕಿಂತ ಹಿರಿದು. ಅಣ್ಣನಿಂದ ಕೊಳ್ಳುವವರು ಹಿಡಿಯುವುದು 60 ಸಾವಿರ. ತಂಗಿಯಿಂದ, ಲಾಭದ ಮೇಲಲ್ಲದೆ ಇಡೀ ಬೆಲೆಯ ಮೇಲೆ ಹಿಡಿದರೆ, ಏಳೂವರೆ ಲಕ್ಷ. ತೆರಿಗೆಗೆ ಗುರಿಯಾಗುವ ಮೊತ್ತದ ಮೇಲೆ ಮಾತ್ರ ಕಡಿತದ ಹೊಣೆಯೆಂದು, ಬೆಂಗಳೂರಿನ ಕಂಪನಿಯೊಂದರ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆದರೂ ಕೊಳ್ಳುವವನಿಗೆ ಭಯ. ಕಡಿಮೆ ಹಿಡಿದರೆ ಬಾಕಿಯೂ ಬಡ್ಡಿಯೂ ಅವನ ತಲೆಯ ಮೇಲೆ ಬರುತ್ತವೆ. ಜೀವಮಾನದ ಉಳಿತಾಯವನ್ನು ಸುರಿದು ಮನೆ ಕೊಳ್ಳುವ ಗೃಹಸ್ಥನು ಮಾರುವವಳ ಲಾಭವನ್ನು ಲೆಕ್ಕಹಾಕುವ ಸಾಹಸಕ್ಕೆ ಇಳಿಯದಿದ್ದರೆ ಅವನನ್ನು ದೂರುವಂತಿಲ್ಲ. ಆಕೆ ತನ್ನ ಲಾಭದ 50 ಲಕ್ಷವನ್ನು ಆರು ತಿಂಗಳೊಳಗೆ ಸರ್ಕಾರ ಗೊತ್ತುಪಡಿಸಿದ ಬಾಂಡುಗಳಲ್ಲಿ ತೊಡಗಿಸಿದರೆ ತೆರಿಗೆಯೇ ಇಲ್ಲ. ಆದರೂ ಏಳೂವರೆ ಲಕ್ಷ ಮೊದಲೇ ಸರ್ಕಾರದ ಬೊಕ್ಕಸದಲ್ಲಿರುತ್ತದೆ. ಅದನ್ನು ರಿಟರ್ನು ಸಲ್ಲಿಸಿ ತಿಂಗಳುಗಟ್ಟಲೆ ಕಾದು ಪಡೆಯಬೇಕು, ಮತ್ತು ಆ ಕಾಲಕ್ಕೆ ಸರ್ಕಾರ ಕೊಡುವ ಬಡ್ಡಿ ತಿಂಗಳಿಗೆ ಶೇಕಡ ಅರ್ಧ. ಕಡಿತ ಮಾಡದ ಕೊಳ್ಳುವವನಿಂದ ಅದೇ ಸರ್ಕಾರ ವಸೂಲು ಮಾಡುವುದು ತಿಂಗಳಿಗೆ ಶೇಕಡ 1.

ಇದಕ್ಕೆ ಪರಿಹಾರವಾಗಿ ಕಡಿಮೆ ಕಡಿತದ ಪ್ರಮಾಣಪತ್ರವನ್ನು ಅಧಿಕಾರಿಯಿಂದ ಮೊದಲೇ ಪಡೆಯಬಹುದು. ಆ ಹುಡುಗಿಗೂ ನಾನು ಅದನ್ನೇ ಹೇಳಿ ಅರ್ಜಿ ಹಾಕಿಸಿದೆ. ಪತ್ರ ಬರುವ ವೇಳೆಗೆ ವಾರಗಳು ಕಳೆದು, ಕೊಳ್ಳುವವರ ತಾಳ್ಮೆ ತೀರುವ ಹಂತಕ್ಕೆ ಬಂದು, ಆಕೆ ರಜೆಯನ್ನು ಎರಡು ಸಲ ಮುಂದೂಡಬೇಕಾಯಿತು. ಅಣ್ಣ ಒಂದೇ ಮಧ್ಯಾಹ್ನದಲ್ಲಿ ಸಹಿ ಮಾಡಿ ದಹಿಸರ್‌ಗೆ ಹೊರಟುಹೋದ.

ದೂರದಲ್ಲಿರುವವನು ತೆರಿಗೆ ಕಟ್ಟದೆ ಕಣ್ಮರೆಯಾದರೆ ಹಿಡಿಯುವುದು ಕಷ್ಟ, ಆದ್ದರಿಂದ ಮುಂಗಡವಾಗಿ ಹಿಡಿಯುವುದೇ ಯುಕ್ತವೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಹಿಡಿಯಲಿ, ಆದರೆ ಲಾಭದ ಮೇಲೆ ಹಿಡಿಯಲಿ. ಸ್ವತ್ತಿನ ನೋಂದಣಿಯಾಗುವ ಕಛೇರಿಯಲ್ಲಿ ಹಿಂದಿನ ಕ್ರಯದ ದಾಖಲೆ ಇರುತ್ತದೆ, ಸೂಚ್ಯಂಕವನ್ನು ಸರ್ಕಾರವೇ ಪ್ರಕಟಿಸುತ್ತದೆ. ಲಾಭವೆಷ್ಟೆಂದು ಕಂಡುಹಿಡಿದು ಕೊಳ್ಳುವವನಿಗೆ ಒಂದು ಅಂಕಿಯನ್ನು ಕೊಡುವುದು ಇಲಾಖೆಗೆ ಅಸಾಧ್ಯವೇನಲ್ಲ. ನಿವಾಸಿಗೆ ಕೊಟ್ಟ ಆಯ್ಕೆಯನ್ನು ಅನಿವಾಸಿಗೆ ನಿರಾಕರಿಸಿದ್ದಕ್ಕಂತೂ ಆ ಭಯದ ಸಮರ್ಥನೆಯೂ ಒದಗದು. ತೆರಿಗೆ ತಪ್ಪಿಸಿಕೊಳ್ಳುವ ಮಾತೇ ಅಲ್ಲಿಲ್ಲ, ತೆರಿಗೆ ಎಷ್ಟೆಂಬ ಮಾತು ಮಾತ್ರ ಇದೆ. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದಾಗ ಕಲಮುಗಳ ಸಂಖ್ಯೆ ಬದಲಾಯಿತು, ಭಾಷೆ ಸರಳವಾಯಿತು. ಈ ಭೇದವನ್ನು ಅಳಿಸುವ ಸದವಕಾಶ ಆಗಲೇ ಇತ್ತು. ಮುಂದಿನ ಹಣಕಾಸು ಮಸೂದೆಯಲ್ಲಾದರೂ ಅಣ್ಣನಿಗಿರುವ ಆಯ್ಕೆ ತಂಗಿಗೂ ದೊರೆಯುವಂತೆ ಮಾಡಬೇಕೆಂದು, ಮುಂಬಯಿಯ ಉತ್ತರದ ಉಪನಗರಗಳನ್ನೂ ನಮ್ಮ ಕರಾವಳಿಯನ್ನೂ ಪ್ರತಿನಿಧಿಸುವ ಸಂಸದರನ್ನು ಈ ಮೂಲಕ ಪ್ರಾರ್ಥಿಸುತ್ತೇನೆ. ಹೊರದೇಶದಲ್ಲಿ ಮಕ್ಕಳಿರುವ ಓದುಗರೂ ತಮ್ಮ ತಮ್ಮ ಸಂಸದರಿಗೆ ಎರಡು ಸಾಲು ಬರೆಯಬೇಕು.