ಅಧಿಕಾರ ಹಂಚುವವನು ಮೆತ್ತಗಿನವನಲ್ಲ

ಒಳ್ಳೆಯ ನಾಯಕನಿಗೆ ಮೊದಲು ಬೇಕಾದದ್ದು ಅಧಿಕಾರ ಹಂಚುವ ಮನಸ್ಸು, ಆಮೇಲೆ ಹಿಡಿದ ಕೆಲಸದ ಬೆನ್ನು ಬಿಡದ ಅಭ್ಯಾಸ ಎಂದು ಹಿಂದಿನ ಲೇಖನದಲ್ಲಿ ಬರೆದಿದ್ದೆ. ಉದಾಹರಣೆಯಾಗಿ ಹೆಸರಿಸಿದ್ದು ಅಬ್ದುಲ್ ನಜೀರ್ ಸಾಬರನ್ನು. ಗುಂಡ್ಲುಪೇಟೆಯ ಈ ಮನುಷ್ಯ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದರು. ಲೇಖನಕ್ಕೆ ಬಂದ ತಕರಾರುಗಳಲ್ಲಿ ಕೆಲವು ಗಟ್ಟಿ, ಕೆಲವು ಟೊಳ್ಳು. ಒಂದೊಂದಾಗಿ ಉತ್ತರಿಸುತ್ತೇನೆ.

ಒಂದು: ‘ನಾಯಕ ಗಟ್ಟಿಗನಾಗಿರಬೇಕು. ಕೈಲಿದ್ದ ಅಧಿಕಾರವನ್ನು ಊರಿಗೆಲ್ಲ ಹಂಚುವವನು ಮೆತ್ತಗಿನ ಆಸಾಮಿ.’

ನಜೀರ್ ಸಾಬರು ಹಂಚಿದ್ದೇನು ಎಂದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವರು ತಂದ 1983ರ ಪಂಚಾಯತ್ ಕಾಯ್ದೆಯ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದವರು ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಗಳು. ಜಿಲ್ಲೆಗೆ ಡಿ.ಸಿ. ಸಾಹೇಬರೇ ದೊರೆ ಎಂದು ನಂಬಿದ್ದ ಕಚೇರಿಗಳಲ್ಲಿ, ಜನ ಆರಿಸಿದ ಒಬ್ಬರ ಮುಂದೆ ಹಿರಿಯ ಅಧಿಕಾರಿ ಫೈಲು ಹಿಡಿದು ನಿಲ್ಲಬೇಕಾಯಿತು. ಶಾಸಕರ ಮಾತಿಗಿದ್ದ ತೂಕವೂ ಇಳಿಯಿತು. ಇಷ್ಟು ಜನರಿಗೆ ಬೇಡವಾದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮೆತ್ತಗಿನವರ ಕೈಲಿದ್ದಿದ್ದರೆ ಅದು ನಡುದಾರಿಯಲ್ಲೇ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಹೆಗಡೆಯವರ ಬೆಂಬಲ ಇಲ್ಲದೆ ಇದು ಆಗುತ್ತಿರಲಿಲ್ಲ ಎಂಬುದು ನಿಜ. ಮುಖ್ಯಮಂತ್ರಿಯನ್ನು ಒಪ್ಪಿಸಿ, ಸಹೋದ್ಯೋಗಿಗಳ ಮುನಿಸು ಸಹಿಸಿ ಕೆಲಸ ದಡ ಮುಟ್ಟಿಸುವುದಕ್ಕೂ ಗಟ್ಟಿತನ ಬೇಕು. ಅದು ಮೇಜು ಕುಟ್ಟಿ ತೋರಿಸುವ ಗಟ್ಟಿತನವಲ್ಲ.

ಎರಡು: ‘ಬೋರ್‌ವೆಲ್ ಕೊರೆಸಿದ್ದನ್ನು ನಾಯಕತ್ವ ಎನ್ನುವುದೇ? ಅಂತರ್ಜಲ ಪಾತಾಳಕ್ಕಿಳಿದದ್ದು ಅದರಿಂದಲೇ ಅಲ್ಲವೇ?’

ಇಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಎಂಬತ್ತರ ದಶಕದ ಬರಗಾಲದಲ್ಲಿ ಅವರು ಹಳ್ಳಿಹಳ್ಳಿಗೆ ಕೊಡಿಸಿದ್ದು ಕುಡಿಯುವ ನೀರಿನ ಕೊಳವೆಬಾವಿ, ಅದರ ಮೇಲೆ ಕೈಪಂಪು. ಕೈಪಂಪು ಒತ್ತಿ ಒಂದು ಕೊಡ ತುಂಬಿಸಿದವರಿಗೆ ಗೊತ್ತು, ರಟ್ಟೆಯ ಶಕ್ತಿ ಎತ್ತಿದಷ್ಟೇ ನೀರು. ಭೂಮಿಯ ಒಡಲು ಬರಿದು ಮಾಡಿದ್ದು ನೀರಾವರಿಗೆಂದು ಹಗಲೂ ರಾತ್ರಿ ಓಡಿದ ಪಂಪ್‌ಸೆಟ್ಟುಗಳು. ಅವುಗಳಿಗೆ ಕಡಿವಾಣ ಹಾಕದ ತಪ್ಪು ಆಮೇಲೆ ಬಂದ ಎಲ್ಲ ಸರ್ಕಾರಗಳದ್ದು.

ಇನ್ನು ಕೊಳವೆಬಾವಿಯಲ್ಲಿ ನಾಯಕತ್ವ ಎಲ್ಲಿದೆ ಎಂಬ ಪ್ರಶ್ನೆ. ರಿಗ್ಗು ಬಂದು ಕೊರೆದು ಹೋದರೆ ಊರಿಗೆ ನೀರು ಬಂದಂತಲ್ಲ. ಜಾಗ ಗುರುತಿಸಬೇಕು, ನೀರು ಸಿಕ್ಕರೆ ಕೇಸಿಂಗ್ ಇಳಿಸಬೇಕು, ಪಂಪು ಕೂರಿಸಬೇಕು, ಸುತ್ತ ಕಟ್ಟೆ ಕಟ್ಟಿ ಕೊಚ್ಚೆ ನಿಲ್ಲದಂತೆ ಮಾಡಬೇಕು. ಆರು ತಿಂಗಳಿಗೆ ವಾಷರ್ ಸವೆದು ಪಂಪು ಬರೀ ಗಾಳಿ ಎತ್ತತೊಡಗಿದಾಗ ಬಂದು ಬಿಚ್ಚಿ ಸರಿಮಾಡುವ ಮೆಕ್ಯಾನಿಕ್ ಬೇಕು. ಕಡತದಲ್ಲಿ ‘ಕಾಮಗಾರಿ ಪೂರ್ಣ’ ಎಂದು ಬರೆದ ಮೇಲೂ ಬಾಕಿ ಇರುವ ಕೆಲಸ ಇದು. ರಿಬ್ಬನ್ ಕತ್ತರಿಸಿದ ಮೇಲೆ ಮರೆತುಬಿಡುವವರಿಗೂ ಒಳ್ಳೆಯ ನಾಯಕನಿಗೂ ಇರುವ ವ್ಯತ್ಯಾಸ ಆ ವಾಷರ್‌ನಲ್ಲೇ ಕಾಣುತ್ತದೆ. ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದದ್ದು ಯಾವ ಅಭಿನಂದನಾ ಸಮಿತಿಯ ಶಿಫಾರಸಿನಿಂದಲೂ ಅಲ್ಲ.

ಮೂರು: ‘ಅಧಿಕಾರದ ಜೊತೆ ಭ್ರಷ್ಟಾಚಾರವೂ ಹಳ್ಳಿಗೆ ಬಂತು. ಮಹಿಳಾ ಮೀಸಲಾತಿ ಕೊಟ್ಟರು, ಕಾರುಬಾರು ಗಂಡಂದಿರದ್ದಾಯಿತು.’

ಈ ತಕರಾರಿನಲ್ಲಿ ಹುರುಳಿದೆ. ಪಂಚಾಯಿತಿಯಲ್ಲಿ ದುಡ್ಡು ನುಂಗುವವರಿದ್ದಾರೆ, ಹೆಂಡತಿಯ ಕುರ್ಚಿಯಲ್ಲಿ ತಾವೇ ಕೂರುವ ಗಂಡಂದಿರೂ ಇದ್ದಾರೆ. ಆದರೆ ವಿಧಾನಸೌಧದಲ್ಲಿ ನುಂಗಿದ್ದು ಹಳ್ಳಿಯವನಿಗೆ ಗೊತ್ತಾಗುವುದು ಪತ್ರಿಕೆಯಲ್ಲಿ ಬಂದರೆ ಮಾತ್ರ. ಊರ ಚರಂಡಿಯ ಸಿಮೆಂಟಿನಲ್ಲಿ ನುಂಗಿದ್ದು ಮೊದಲ ಮಳೆಗೇ ಬಯಲಾಗುತ್ತದೆ, ನುಂಗಿದವನ ಮನೆ ಯಾವುದೆಂದೂ ಗೊತ್ತಿರುತ್ತದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಜನರಿಗಿದೆ, ಕೇಳದೆ ಕೂರುವುದು ನಮ್ಮ ಸೋಮಾರಿತನ. ಮಹಿಳೆಯರ ಮಾತಿಗೆ ಬಂದರೆ, 1987ರ ಚುನಾವಣೆಯಲ್ಲಿ ಕರ್ನಾಟಕ ಅವರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಇಡೀ ದೇಶಕ್ಕೆ ಕನಿಷ್ಠ ಮೂರನೇ ಒಂದು ಎಂದಿತು. ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅದು ಅರ್ಧ. ಗಂಡ ಅಡ್ಡ ಬಂದರೆ ಗಂಡನನ್ನು ಆಚೆ ಕಳಿಸಬೇಕೇ ಹೊರತು ಹೆಂಡತಿಯ ಕುರ್ಚಿಯನ್ನು ಕಿತ್ತುಕೊಳ್ಳಬೇಕಿಲ್ಲ.

ನಾಲ್ಕು: ‘ಅವರು ಕಟ್ಟಿದ್ದು ಉಳಿಯಲಿಲ್ಲ. ಉಳಿಯದ್ದನ್ನು ಕಟ್ಟಿದವರು ಎಂಥ ನಾಯಕರು?’

ಇದೇ ಅತ್ಯಂತ ಬಲವಾದ ವಾದ. ನಜೀರ್ ಸಾಬರು ತೀರಿಕೊಂಡದ್ದು 1988ರಲ್ಲಿ. 1983ರ ಕಾಯ್ದೆಯಡಿ ಹುಟ್ಟಿದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ಮೊದಲ ಅವಧಿ ಮುಗಿದಾಗ ಸಮಯಕ್ಕೆ ಸರಿಯಾಗಿ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರಲ್ಲಿ ಹೊಸ ಕಾಯ್ದೆ ಬಂತು, ಮಂಡಲಗಳು ಹೋದವು. ಆದರೆ ಒಂದು ಮಾತು. ವ್ಯವಸ್ಥೆ ತಾನಾಗಿ ಕುಸಿಯಲಿಲ್ಲ, ಕಳೆದುಕೊಂಡ ಅಧಿಕಾರವನ್ನು ಮರಳಿ ಪಡೆಯಲು ಹೊಂಚು ಹಾಕಿದ್ದವರು ಅದನ್ನು ಕುಗ್ಗಿಸಿದರು. ಹಂಚುವುದು ನಿಜಕ್ಕೂ ದುರ್ಬಲರ ಕೆಲಸವಾಗಿದ್ದರೆ ಅದನ್ನು ಕಿತ್ತುಕೊಳ್ಳಲು ಬಲಶಾಲಿಗಳು ಇಷ್ಟು ಹೆಣಗುತ್ತಿರಲಿಲ್ಲ.

ಐದು: ‘ನಾಯಕರು ಹುಟ್ಟುತ್ತಾರೆ, ಅಭ್ಯಾಸದಿಂದ ಆಗುವುದಿಲ್ಲ.’

ಇದಕ್ಕೆ ಹೆಚ್ಚು ಮಾತು ಬೇಡ. 1987ಕ್ಕೆ ಮೊದಲು ಊರಿನ ಸಭೆಯಲ್ಲಿ ಬಾಯಿ ತೆರೆಯುವ ಅವಕಾಶವೇ ಇಲ್ಲದ ಹೆಂಗಸರು ಆಮೇಲೆ ಅಧ್ಯಕ್ಷರಾಗಿದ್ದಾರೆ. ಹುಟ್ಟು ಅದೇ, ಬದಲಾದದ್ದು ಅವಕಾಶ.

ಆ ಅವಕಾಶ ತಡೆಯುವ ಕೆಲಸ ಆಮೇಲೂ ನಡೆಯಿತು: 2021ರಲ್ಲಿ ಅವಧಿ ಮುಗಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ಚುನಾವಣೆಯಿಲ್ಲದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಆಳಿದ ಯಾವ ಪಕ್ಷವೂ ಇದರ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ. ಮುಂದಿನ ಸಲ ಮತ ಕೇಳಲು ಬಂದವರನ್ನು, ಏನು ಕೊಡುತ್ತೀರಿ ಎಂದು ಕೇಳುವ ಮೊದಲು, ನಿಮ್ಮ ಅಧಿಕಾರದಲ್ಲಿ ಯಾವುದನ್ನು ಬಿಟ್ಟುಕೊಡುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಮತ ಬೇರೆಯವರಿಗೆ ಹಾಕಿ.