ಆಫೀಸಿನ ಲೈಟು ಆರಿತು, ನಮ್ಮ ಮನೆಯ ಮೀಟರು ಓಡಿತು

ಮನೆಯಿಂದ ಕೆಲಸ ಮಾಡಿಸಿದ್ದರಿಂದ ನಮ್ಮ ವಿದ್ಯುತ್ ಬಳಕೆ ಇಳಿಯಿತು ಎಂದು ಬೆನ್ನು ತಟ್ಟಿಕೊಳ್ಳುವುದು 2020ರ ಲಾಕ್‌ಡೌನಿನ ನಂತರ ಕಂಪನಿಗಳಿಗೆ ಅಭ್ಯಾಸವಾಗಿದೆ. ಇಳಿದಿರಬಹುದು. ಅದನ್ನು ‘ಉಳಿತಾಯ’ ಎಂದು ಕರೆಯುವುದಕ್ಕೆ ನನ್ನ ತಕರಾರು. ಎಮ್ಮೆಯನ್ನು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿ, ಹಾಲು ಮಾತ್ರ ತಾನೇ ಕರೆದುಕೊಂಡು, ನನಗೆ ಹುಲ್ಲಿನ ಖರ್ಚು ಉಳಿಯಿತು ಅನ್ನುವವನ ಮಾತಿನ ಹಾಗಿದೆ ಇದು.

ನಮ್ಮ ಕೊಟ್ಟಿಗೆ ಇರುವುದು ಹಾರೋಹಳ್ಳಿಯಲ್ಲಿ. ಅಣ್ಣ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಕಂಪನಿ ಬಾಡಿಗೆಗಿದ್ದ ಮಹಡಿಗಳಲ್ಲಿ ಒಂದನ್ನು ಬಿಟ್ಟುಕೊಟ್ಟ ಮೇಲೆ ತಿಂಗಳಲ್ಲಿ ಸುಮಾರು ಇಪ್ಪತ್ತು ದಿನ ಅವನ ಆಫೀಸು ನಮ್ಮ ನಡುಮನೆ. ಲ್ಯಾಪ್‌ಟಾಪು, ಅದಕ್ಕೊಂದು ಮಾನಿಟರು, ಒಂಬತ್ತು ಗಂಟೆ ತಿರುಗುವ ಫ್ಯಾನು, ಹಗಲೂ ರಾತ್ರಿ ಉರಿಯುವ ವೈಫೈ ಪೆಟ್ಟಿಗೆ. ಕರೆಂಟು ಹೋದರೆ ಮೀಟಿಂಗ್ ಕಡಿದುಹೋಗುತ್ತದೆಂದು ತಂದ ಯುಪಿಎಸ್ಸು. ಅದರ ಬ್ಯಾಟರಿ ತಾನು ಕುಡಿದಷ್ಟನ್ನು ವಾಪಸ್ ಕೊಡುವ ಪೈಕಿಯಲ್ಲ. ಎಲ್ಲ ಸೇರಿ ದಿನಕ್ಕೆ ಒಂದೂಮುಕ್ಕಾಲು ಯೂನಿಟ್, ತಿಂಗಳಿಗೆ 35.

ಮೂವತ್ತೈದು ಯೂನಿಟ್ಟಿಗೆ ಇಷ್ಟು ರಂಪವೇ ಎನ್ನುವವರು ಗೃಹಜ್ಯೋತಿಯ ಲೆಕ್ಕ ನೋಡಬೇಕು. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ಹೊರಗಿನವರು ತಿಳಿದಿದ್ದಾರೆ. ನಮ್ಮಂಥ ಮನೆಗಳಿಗೆ ಸಿಗುವುದು 2022-23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ಶೇಕಡಾ ಹತ್ತು. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು. ಆ ವರ್ಷ ಅಣ್ಣ ಬೆಂಗಳೂರಿನ ಪಿಜಿಯಲ್ಲಿದ್ದ, ನಮ್ಮ ಸರಾಸರಿ 70. ನಮಗೆ ಉಚಿತ 77. (ನನ್ನ ಪಿಎಚ್‌ಡಿಯ ಲ್ಯಾಪ್‌ಟಾಪು ಆಗಲೂ ಇಲ್ಲೇ ಓಡುತ್ತಿತ್ತು, ಹಾಗಾಗಿ ಅದು ಸರಾಸರಿಯೊಳಗೇ ಸೇರಿ ಬಚಾವಾಯಿತು.) ಈಗ ಬರುವುದು 105. ಅದೇ 2022-23ರಲ್ಲಿ ಮಗ ಮನೆಯಲ್ಲೇ ಕೂತು ಕೆಲಸ ಮಾಡಿದ್ದ ಮನೆಗೆ ಆ ಕಂಪನಿಯ ಯೂನಿಟ್ಟುಗಳೂ ಸರಾಸರಿಗೆ ಸೇರಿ, ಇವತ್ತಿಗೂ ಉಚಿತ ಸಿಗುತ್ತಿವೆ.

ಇದರ ಅರ್ಥ ಏನು? ನಮ್ಮ ಮನೆಯ 35 ಯೂನಿಟ್ಟಿನಲ್ಲಿ ಏಳನ್ನು ಸರ್ಕಾರ ಕೊಡುತ್ತದೆ, 28ನ್ನು ನಾವು. ಕಂಪನಿ ಕೊಡುವುದು ಸೊನ್ನೆ. ಬಡವರ, ಮಧ್ಯಮದವರ ಮನೆಯ ದೀಪಕ್ಕೆಂದು ಖಜಾನೆಯಿಂದ ತೆಗೆದಿಟ್ಟ ಹಣದಲ್ಲಿ ಎಲ್ಲೋ ದೂರದ ದೇಶದ ಗ್ರಾಹಕನಿಗೆ ಸಾಫ್ಟ್‌ವೇರ್ ತಯಾರಾಗುತ್ತಿದೆ. ಉಚಿತ ಕರೆಂಟಿನಿಂದ ರಾಜ್ಯ ಹಾಳಾಯಿತು ಎಂದು ಗೊಣಗುವವರು ಇದನ್ನು ಯಾಕೆ ಎತ್ತುವುದಿಲ್ಲವೋ ಕಾಣೆ. 28 ಯೂನಿಟ್ಟಿಗೆ ತೆರಿಗೆ ಸೇರಿ ಇನ್ನೂರು ರೂಪಾಯಿಯ ಒಳಗೇ ಆಗುತ್ತದೆ, ಅಣ್ಣನ ಸಂಬಳಕ್ಕೆ ಅದು ಹೊರೆಯೇನಲ್ಲ. ಆದರೆ ಸೊನ್ನೆ ಬಿಲ್ಲು ಕಂಡಿದ್ದ ಅಮ್ಮನಿಗೆ ಹೊರೆ. ಮಧ್ಯಾಹ್ನ ತನ್ನ ಕೋಣೆಯ ಫ್ಯಾನ್ ಆರಿಸಿ ಜಗಲಿಗೆ ಬಂದು ಕೂರುತ್ತಾಳೆ. ಕೇಳಿದರೆ, “ಅವನ್ದು ಕೆಲ್ಸ ಕಣವ್ವ, ಆಫ್ ಮಾಡಕ್ಕಾಯ್ತದಾ? ನಂದು ಆಫ್ ಮಾಡಿದ್ರೆ ಯಾರ್ಗೇನು” ಅನ್ನುತ್ತಾಳೆ. ಕಂಪನಿಯ ಉಳಿತಾಯದಲ್ಲಿ ಅಮ್ಮನ ಫ್ಯಾನೂ ಇದೆ.

ಈ ಕಳ್ಳಗಂಡಿ ನಿಯಮದಲ್ಲೇ ಇದೆ. ಷೇರುಪೇಟೆಯ ಮೊದಲ 1000 ಕಂಪನಿಗಳು ಪರಿಸರದ ಲೆಕ್ಕ ಒಪ್ಪಿಸಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಆಫೀಸಿನ ಮೀಟರು ಕಡ್ಡಾಯದ ಭಾಗದಲ್ಲಿ, ನೌಕರರ ಓಡಾಟದಂಥವು ಐಚ್ಛಿಕದ ಭಾಗದಲ್ಲಿ. ಜಗತ್ತೆಲ್ಲ ಅನುಸರಿಸುವ ಜಿಎಚ್‌ಜಿ ಪ್ರೋಟೊಕಾಲ್ ಕೂಡ ಮನೆಯಿಂದ ಕೆಲಸ ಮಾಡುವವರ ಬಳಕೆಯನ್ನು ಸೇರಿಸಬಹುದು ಎನ್ನುತ್ತದೆ, ಸೇರಿಸಲೇಬೇಕು ಎನ್ನುವುದಿಲ್ಲ. ‘ಬಹುದು’ ಎಂದರೆ ಯಾರು ಸೇರಿಸುತ್ತಾರೆ?

ಓಡಾಟ ತಪ್ಪಿತಲ್ಲ, ಅದು ಉಳಿತಾಯವಲ್ಲವೇ ಎಂದರೆ, ಹೌದು, ಕೆಲವರ ಪಾಲಿಗೆ. ಅಣ್ಣ ಬೈಕಿನಲ್ಲಿ ಹೋಗಿಬರಲು 70 ಕಿಲೋಮೀಟರ್, ಒಂದೂಕಾಲು ಲೀಟರ್ ಪೆಟ್ರೋಲು. ಒಂದು ಲೀಟರಿನಲ್ಲಿ ಸುಮಾರು ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ಮನೆಯ ಒಂದೂಮುಕ್ಕಾಲು ಅದರ ಮುಂದೆ ಏನೂ ಅಲ್ಲ. ಆದರೆ ಬಸ್ಸು ಹಿಡಿದು, ಸಿಲ್ಕ್ ಇನ್‌ಸ್ಟಿಟ್ಯೂಟಿನಲ್ಲಿ ಮೆಟ್ರೊ ಹತ್ತುವವರೂ ಇದ್ದಾರೆ. ಅವರು ಮನೆಯಲ್ಲಿ ಉಳಿದರೂ ಬಸ್ಸು ಓಡುತ್ತದೆ, ಮೆಟ್ರೊನೂ ಓಡುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲೇ ಇದನ್ನು ಹೇಳಿತ್ತು: ಕಾರಿನಲ್ಲಿ ಆರು ಕಿಲೋಮೀಟರಿಗಿಂತ ದೂರ ಹೋಗುವವರು ಮನೆಯಲ್ಲಿದ್ದರೆ ಲಾಭ, ಸಾರ್ವಜನಿಕ ಸಾರಿಗೆಯವರು ಉಳಿದರೆ ಮಾಲಿನ್ಯ ಸ್ವಲ್ಪ ಹೆಚ್ಚಲೂಬಹುದು, ಏಕೆಂದರೆ ಮನೆಯ ಬಳಕೆ ಆ ದಿನ ಶೇಕಡಾ 7ರಿಂದ 23ರಷ್ಟು ಏರುತ್ತದೆ. ಅಂದರೆ ಉಳಿತಾಯ ಯಾವುದಾದರೂ ಇದ್ದರೆ ಅದು ಅಣ್ಣನ ಬೈಕಿನದು. ಅದನ್ನೂ ತನ್ನ ಖಾತೆಗೆ ಬರೆದುಕೊಳ್ಳುವ ಕಂಪನಿ, ಮನೆಯ ಮೀಟರನ್ನು ಮಾತ್ರ ಬಿಟ್ಟುಬಿಡುತ್ತದೆ.

ಇನ್ನು ವಾರಕ್ಕೆರಡು ದಿನ ಬನ್ನಿ ಎನ್ನುವ ಪದ್ಧತಿ. ಇನ್ನೂರು ಜನ ಕೂರುವ ಮಹಡಿಯಲ್ಲಿ ನಲವತ್ತು ಜನ ಇದ್ದರೂ ಎಸಿ ಇಡೀ ಮಹಡಿಯನ್ನೇ ತಂಪು ಮಾಡುತ್ತದೆ. ಅಲ್ಲೂ ಉರಿ, ಇಲ್ಲೂ ಉರಿ.

ಮನೆಯಿಂದ ಕೆಲಸವನ್ನು ಕಂಡುಹಿಡಿದವರು ಐಟಿಯವರಲ್ಲ. ಬೀಡಿ ಸುತ್ತುವ, ಊದಿನಕಡ್ಡಿ ಹೊಸೆಯುವ ಹೆಂಗಸರು ತಮ್ಮದೇ ಜಾಗ, ತಮ್ಮದೇ ದೀಪ ಹಾಕಿ, ಸಾವಿರ ಕಡ್ಡಿಗೆ ಇಷ್ಟು ಎಂದು ಎಣಿಸಿಕೊಂಡು ಬದುಕಿದವರು. ಅಂಥವರಿಗೂ ಕಾರ್ಖಾನೆಯವರ ಸಮನಾದ ಹಕ್ಕು ಇರಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ 177ನೇ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಅನುಮೋದನೆ ಕೊಟ್ಟಿಲ್ಲ. ಆಗ ಅವರ ದೀಪದ ಲೆಕ್ಕ ಕೇಳದೆ ಸುಮ್ಮನಿದ್ದೆವು. ಅದೇ ಪದ್ಧತಿ ಈಗ ಇಂಜಿನಿಯರ ಮನೆಗೂ ಬಂದಿದೆ.

ಇದನ್ನು ಅಳೆಯುವುದು ಕಷ್ಟ, ಯಾರ ಮನೆಯಲ್ಲಿ ಎಷ್ಟು ಎಂದು ಹೇಗೆ ಗೊತ್ತಾಗಬೇಕು ಎನ್ನುವ ನೆಪ ನಡೆಯುವುದಿಲ್ಲ. ಅಣ್ಣ ಎದ್ದು ರಾಗಿಮುದ್ದೆ ಉಣ್ಣಲು ಹೋದರೆ ಐದು ನಿಮಿಷದಲ್ಲಿ ಅವನ ಹೆಸರಿನ ಮುಂದಿನ ಹಸಿರು ಚುಕ್ಕೆ ಹಳದಿಯಾಗುತ್ತದೆ, ಮ್ಯಾನೇಜರಿಗೆ ಅದು ಕಾಣುತ್ತದೆ. ಎಷ್ಟಕ್ಕೆ ಲಾಗಿನ್ ಆದ, ಎಷ್ಟಕ್ಕೆ ಹೊರಬಂದ ಎಲ್ಲವೂ ಸೆಕೆಂಡಿನ ಲೆಕ್ಕದಲ್ಲಿ ಅವರ ಬಳಿ ಇದೆ. ಆ ಗಂಟೆಗಳನ್ನು ಲ್ಯಾಪ್‌ಟಾಪು, ಫ್ಯಾನುಗಳ ವ್ಯಾಟ್ಸಿನಿಂದ ಗುಣಿಸಿ ಸಂಬಳದ ಚೀಟಿಯಲ್ಲಿ ಒಂದು ಸಾಲು ಸೇರಿಸಲಿ, ವರದಿಯಲ್ಲೂ ಒಂದು ಸಾಲು.