‘ಕೆಂಪು ಜೇಡಿ’ ಅಂತ ಬರೆದು ಕೈ ತೊಳ್ಕೊಂಡ್ರೆ ಆಯ್ತಾ?

ಉಪಗ್ರಹದಿಂದ ಚಿನ್ನ ಪತ್ತೆ ಮಾಡ್ತಾರಂತೆ ಅನ್ನೋ ಸುದ್ದಿಯನ್ನ ಯಾರಾದ್ರೂ ಒಬ್ರು ನನಗೆ ಕಳಿಸ್ತಾನೇ ಇರ್ತಾರೆ. "ನೀ ಸಾಫ್ಟ್‌ವೇರ್‌ನಾವ, ನಿನಗ ಗೊತ್ತಿರ್ತೈತಿ" ಅಂತ ಬೇರೆ. ಮೊದಲೇ ಹೇಳಿಬಿಡ್ತೀನಿ: ಈ ಸ್ಪೆಕ್ಟ್ರಲ್ ಉಪಕರಣಗಳಿಗೆ ಚಿನ್ನ ಕಾಣೋದೇ ಇಲ್ಲ. ಒಂದು ಟನ್ ಬಂಡೆಯಲ್ಲಿ ನಾಲ್ಕೈದು ಗ್ರಾಂ ಸಿಕ್ಕರೆ ಗಣಿಯವರಿಗೆ ಹಬ್ಬ. ಅಷ್ಟನ್ನ ಯಾವ ಕ್ಯಾಮೆರಾ ಹಿಡಿದೀತು? ಸಾಲದ್ದಕ್ಕೆ ಜೇಡಿಗೆ, ಅಭ್ರಕಕ್ಕೆ ಇನ್ಫ್ರಾರೆಡ್‌ನಲ್ಲಿ ಇರೋ ಹಾಗೆ ಚಿನ್ನಕ್ಕೆ ಗುರುತಿನ ಗೆರೆಯೂ ಇಲ್ಲ.

ಉಪಕರಣಕ್ಕೆ ಕಾಣೋದು ಚಿನ್ನದ ನೆಂಟರು, ಅಂದ್ರೆ ಅದರ ಸುತ್ತ ಹುಟ್ಟಿದ ಖನಿಜಗಳು. ಆಕಾಶದಿಂದಾದರೆ ಅವೂ ನೆಲದ ಮೇಲಿನ ತೊಗಲಲ್ಲಿ ಮಾತ್ರ. 2015ರ ಕೊನೆಗೆ ಇಸ್ರೋ, ನಾಸಾ ಸೇರಿ ವಿಮಾನದಲ್ಲಿ ಅವಿರಿಸ್-ಎನ್‌ಜಿ ಉಪಕರಣ ಹಾರಿಸಿದ್ರು, 2018ರಲ್ಲಿ ಹೈಸಿಸ್ ಉಪಗ್ರಹ ಹೋಯ್ತು. ಒಳ್ಳೇದೇ. ಆದರೆ ಈ ವಿದ್ಯೆ ನಿಜವಾಗಿ ಬೇಕಾಗಿರೋದು ಡ್ರಿಲ್ಲಿಂಗ್ ಮಾಡಿ ಮೇಲೆ ತಂದ ಮಣ್ಣು ಕಲ್ಲಿನ ಮೇಲೆ. ಅದರ ಬಗ್ಗೆ ಯಾರೂ ಫಾರ್ವರ್ಡ್ ಕಳಿಸಲ್ಲ, ಅದೇ ನನ್ನ ಸಿಟ್ಟು.

ನಮ್ಮ ನಂದಗಡದ ಕಡೆ ಬಂದವರಿಗೆ ಅಲ್ಲಿನ ಕೆಂಪು ಮಣ್ಣು ಗೊತ್ತಿರತ್ತೆ. (ನಂದಗಡದಲ್ಲಿ ಚಿನ್ನ ಐತಿ ಅಂತ ನಾನು ಹೇಳ್ತಿಲ್ಲ, ಗುದ್ದಲಿ ಹಿಡ್ಕೊಂಡು ಬರಬೇಡ್ರಿ. ರಾಯಣ್ಣನ ಸಮಾಧಿ ನೋಡೋಕೆ ಬರ್ರಿ :) ) ಲಕ್ಷಾಂತರ ವರ್ಷ ಮಳೆ ಬಿಸಿಲು ತಿಂದ ಬಂಡೆ ಅದು. ಫೆಲ್ಡ್‌ಸ್ಪಾರ್ ಕೊಳೆತು ಕೆಯೋಲಿನೈಟ್ ಅನ್ನೋ ಜೇಡಿಯಾಗತ್ತೆ, ಇನ್ನೂ ತೊಳೆದರೆ ಗಿಬ್ಸೈಟ್. ಕಬ್ಬಿಣ ಇರೋ ಖನಿಜಗಳು ಗೋಥೈಟ್, ಹೆಮಟೈಟ್ ಆಗ್ತವೆ. ಹೆಮಟೈಟ್ ಚೂರೇ ಚೂರು ಇದ್ದರೂ ಇಡೀ ಮಣ್ಣಿಗೆ ಕುಂಕುಮದಂತೆ ಬಣ್ಣ ಹಚ್ಚಿಬಿಡತ್ತೆ. ಹಂಗಾಗಿ ‘ಕೆಂಪು’ ಅನ್ನೋ ಪದದಿಂದ ಒಳಗೆ ಏನಿದೆ ಅಂತ ಏನೂ ತಿಳಿಯಲ್ಲ. ಖಾನಾಪುರದ ಕುಂಬಾರರನ್ನ ಕೇಳಿ, ಎರಡು ಕೆಂಪು ಮಣ್ಣು ಒಂದೇ ಅಂದ್ರೆ ನಗ್ತಾರೆ.

ಗದಗದಲ್ಲೋ ಹಾವೇರಿಯ ಗಣಜೂರಿನಲ್ಲೋ ಚಿನ್ನಕ್ಕಂತ ಕೊರೆದಾಗಲೂ ಮೊದಲು ಸಿಗೋದು ಇಂಥದೇ ಶಿಥಿಲವಾದ ಪದರ. ಅದನ್ನ ಕಣ್ಣಲ್ಲಿ ನೋಡಿ ‘ಕೆಂಪು ಜೇಡಿ’ ಅಂತ ಮೀಟರುಗಟ್ಟಲೆ ಒಂದೇ ಸಾಲು ಬರೆದರೆ, ಅಷ್ಟು ದುಡ್ಡು ಸುರಿದು ಕೊರೆದ ಮಾಹಿತಿಯನ್ನ ಕಸದಬುಟ್ಟಿಗೆ ಹಾಕಿದ ಹಾಗೇ.

"ಅಸ್ಸೇ ಮಾಡಿಸ್ತೀವಲ್ಲ, ಚಿನ್ನ ಎಷ್ಟಿದೆ ಅಂತ ಲ್ಯಾಬೇ ಹೇಳತ್ತಲ್ಲ" ಅನ್ನೋರಿದ್ದಾರೆ. ಇದು ಅರ್ಧ ಉತ್ತರ. ಪಶ್ಚಿಮ ಆಸ್ಟ್ರೇಲಿಯಾದ ಯಿಲ್ಗಾರ್ನ್‌ನಲ್ಲಿ ಶಿಥಿಲ ಪದರದ ಮೇಲ್ಭಾಗದಿಂದ ಚಿನ್ನ ಉಪ್ಪುನೀರಿನಲ್ಲಿ ಕರಗಿ ಜಾರಿಹೋಗಿರೋ ಜಾಗಗಳು ಬೇಕಾದಷ್ಟಿವೆ. ಅಲ್ಲಿ ಅಸ್ಸೇ ಸೊನ್ನೆ ತೋರಿಸತ್ತೆ, ಕೆಳಗೆ ಅದಿರು ಇರತ್ತೆ! ಸೊನ್ನೆ ನೋಡಿ ಎದ್ದುಹೋದವನು ಮೂರ್ಖನಾಗ್ತಾನೆ.

ಅಂಥ ಕಡೆ ಬಿಳಿ ಅಭ್ರಕ ಸಾಕ್ಷಿ ಹೇಳತ್ತೆ. ಚಿನ್ನ ತಂದ ಬಿಸಿನೀರು ಬಂಡೆಯನ್ನ ಬದಲಿಸುವಾಗ ಹುಟ್ಟೋ ಈ ಅಭ್ರಕ, ಕ್ಲೋರೈಟ್ ಕಾರ್ಬೊನೇಟ್‌ಗಳೆಲ್ಲ ಸತ್ತ ಮೇಲೂ ಬಹಳ ದಿನ ಬಾಳತ್ತೆ. ಕಣ್ಣಿಗೆ ಅದೂ ಜೇಡಿಯೇ. ಸ್ಪೆಕ್ಟ್ರಮ್ಮಿನಲ್ಲಿ ಅಭ್ರಕ, ಕೆಯೋಲಿನೈಟ್ ಎರಡಕ್ಕೂ 2200 ನ್ಯಾನೊಮೀಟರ್ ಹತ್ತಿರ ತಗ್ಗು ಬೀಳತ್ತೆ. ಕೆಯೋಲಿನೈಟಿಗೆ 2160ರಲ್ಲಿ ಇನ್ನೊಂದು ಜೋಡಿ ತಗ್ಗು, ಅಭ್ರಕಕ್ಕೆ 2350ರಲ್ಲಿ ಒಂದು. ಗಿಬ್ಸೈಟ್ 2265ರ ಆಸುಪಾಸು. ಇನ್ನೂ ಚೆಂದದ ವಿಷಯ ಅಂದ್ರೆ, ಅಲ್ಲೇ ಬಂಡೆ ಕೊಳೆತು ಆದ ಕೆಯೋಲಿನೈಟಿನ ಜೋಡಿ ತಗ್ಗು ಸಾಮಾನ್ಯವಾಗಿ ಚೂಪಾಗಿರತ್ತೆ, ಎಲ್ಲಿಂದಲೋ ಹರಿದುಬಂದು ಕೂತ ಮಣ್ಣಿನದು ಮೊಂಡಾಗಿರತ್ತೆ. ಅಂದ್ರೆ ಈ ಮಣ್ಣು ಈ ಊರಿನದಾ, ವಲಸೆ ಬಂದಿದ್ದಾ ಅಂತಲೂ ಹೇಳಬಹುದು. ವಲಸೆ ಮಣ್ಣಿನ ಅಸ್ಸೇ ಹಿಡ್ಕೊಂಡು ಕೆಳಗಿನ ಬಂಡೆಗೆ ತೀರ್ಪು ಕೊಟ್ಟರೆ ಹೆಂಗೆ?

ಮಿತಿಗಳೂ ಇವೆ. ಮಾದರಿ ಒಣಗಿರಬೇಕು, ಇಲ್ಲಾಂದ್ರೆ 1400, 1900ರಲ್ಲಿ ನೀರೇ ಎಲ್ಲ ನುಂಗತ್ತೆ. ಕಪ್ಪು ಕಲ್ಲಿನಿಂದ ಬೆಳಕು ವಾಪಸ್ ಬರೋದೇ ಕಡಿಮೆ. ಕ್ವಾರ್ಟ್ಜ್ ಈ ಪಟ್ಟಿಯಲ್ಲಿ ಕಾಣಲ್ಲ, ಅದಕ್ಕೆ ಥರ್ಮಲ್ ಇನ್ಫ್ರಾರೆಡ್ ಬೇಕು. ಭೂವಿಜ್ಞಾನಿಯ ಕೆಲಸ ಹೋಗತ್ತೆ ಅನ್ನೋ ಭಯವಂತೂ ಬೇಡ, ಬಂಡೆಯ ಕತೆ ಗೊತ್ತಿಲ್ಲದವನ ಕೈಲಿ ಈ ಗ್ರಾಫು ಇಸಿಜಿ ಹಿಡಿದ ನನ್ನಂಥವನ ಹಾಗೆ.

ಆಸ್ಟ್ರೇಲಿಯಾದವರು ಹೈಲಾಗರ್ ಅನ್ನೋ ಯಂತ್ರದಲ್ಲಿ ದಿನಕ್ಕೆ ನೂರಾರು ಮೀಟರ್ ಕೋರ್ ಸ್ಕ್ಯಾನ್ ಮಾಡಿ, ರಾಷ್ಟ್ರೀಯ ವರ್ಚುಯಲ್ ಕೋರ್ ಲೈಬ್ರರಿ ಅಂತ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅಮೆರಿಕದ ಭೂಸರ್ವೇಕ್ಷಣೆಯವರು 2017ರಲ್ಲಿ ಸ್ಪೆಕ್ಟ್ರಲ್ ಲೈಬ್ರರಿಯ 7ನೇ ಆವೃತ್ತಿ ಬಿಟ್ಟರು, ಪುಕ್ಕಟೆ. ಹೋಲಿಸಿ ನೋಡೋ ಕೋಡನ್ನ ನಮ್ಮ ಬ್ಲಾಗ್ ಬಳಗದ ಅರ್ಧ ಜನ ಒಂದು ಭಾನುವಾರ ಕೂತು ಬರೆದುಬಿಡ್ತಾರೆ. ಹೋಲಿಸೋಕೆ ನಮ್ಮ ನೆಲದ ಗ್ರಾಫು ಬೇಕಲ್ಲ!

ಇದು ಬರೀ ಗಣಿ ಕಂಪನಿಗಳ ಲಾಭದ ಮಾತಲ್ಲ. ಕಪ್ಪತಗುಡ್ಡದ ಸುತ್ತ ಬ್ರಿಟಿಷರ ಕಾಲದಿಂದ ಚಿನ್ನಕ್ಕಾಗಿ ಅಗೆದಿದ್ದಾರೆ. ಜನ ಬೀದಿಗಿಳಿದು ಹೋರಾಡಿದ ಮೇಲೆ 2019ರಲ್ಲಿ ಅದು ವನ್ಯಜೀವಿಧಾಮ ಆಯ್ತು. ಒಂದು ರಂಧ್ರ ಅಂದ್ರೆ ಯಾರದೋ ಹೊಲಕ್ಕೆ, ಯಾವುದೋ ಕುರುಚಲು ಕಾಡಿಗೆ ದಾರಿ ಮಾಡಿ ಯಂತ್ರ ಒಯ್ಯೋದು. ಮೊದಲಿನವನು ಸರಿಯಾಗಿ ಓದದೆ ಬಿಟ್ಟಿದ್ದಕ್ಕೆ ಹತ್ತು ವರ್ಷ ಬಿಟ್ಟು ಇನ್ನೊಬ್ಬ ಬಂದು ಅದೇ ಹೊಲದಲ್ಲಿ ಮತ್ತೆ ಕೊರೀತಾನೆ. ರೈತ ಎರಡು ಸಲ ಯಾಕೆ ಸಹಿಸಬೇಕು?

ದುಡ್ಡಿಲ್ಲ ಅನ್ನೋ ಹಾಗಿಲ್ಲ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಅನ್ವೇಷಣೆಗಂತಲೇ ನಿಧಿ ಮಾಡಿದ್ರು, ಗುತ್ತಿಗೆದಾರರು ರಾಜಧನದ ಜೊತೆ ಅದಕ್ಕೂ ಕಟ್ತಾರೆ. ಭೂವೈಜ್ಞಾನಿಕ ಸರ್ವೇಕ್ಷಣೆಯ ದತ್ತಾಂಶ ಭಂಡಾರದ ಪೋರ್ಟಲ್ 2023ರ ಡಿಸೆಂಬರ್‌ನಲ್ಲಿ ಶುರುವಾಗಿದೆ. ಸರ್ಕಾರಿ ದುಡ್ಡಲ್ಲಿ ಕೊರೆಯೋ ಪ್ರತಿ ಡ್ರಿಲ್ಲಿಂಗ್ ಟೆಂಡರಿನಲ್ಲಿ ಒಂದು ಸಾಲು ಸೇರಿಸಲಿ: ಮೀಟರಿಗೊಂದರಂತೆ ಒಣಗಿಸಿದ ಮಾದರಿಯ ಸ್ಪೆಕ್ಟ್ರಮ್ ತೆಗೆದು, ಅಸ್ಸೇ ಜೊತೆಗೆ ಆ ಪೋರ್ಟಲ್ಲಿಗೇ ಹಾಕಬೇಕು. ಅದೂ ಪಿಡಿಎಫ್ ಒಳಗಿನ ಚಿತ್ರವಾಗಿ ಬೇಡಪ್ಪಾ, ಅಂಕಿಗಳಾಗಿ.